ಜೆಸಿಬಿಗೂ ಒಂದು ಬ್ರೇಕ್ ಇದೆ

ಜೆಸಿಬಿ ಕರೆಸುವವರು ಮೊದಲು ಕೇಳುವುದು ಗಂಟೆಗೆ ಎಷ್ಟು ಅಂತ. ಆಮೇಲೆ ಯಾವಾಗ ಬರ್ತೀರಿ ಅಂತ. ಸ್ವಲ್ಪ ಅನುಭವಸ್ಥರಾದರೆ ಆಪರೇಟರ್ ಕೈ ಹೇಗಿದೆ, ಹಿಂದಿನ ಬಕೆಟ್ ಎಷ್ಟು ಅಗಲದ್ದು, ಬಂದು ಹೋಗುವ ದಾರಿಯ ಬಾಡಿಗೆ ಯಾರ ತಲೆಗೆ ಎಂಬುದನ್ನೂ ವಿಚಾರಿಸಿಕೊಳ್ಳುತ್ತಾರೆ. ಬ್ರೇಕ್ ಹೇಗಿದೆ ಎಂದು ಕೇಳಿದ ಗಿರಾಕಿಯನ್ನು ನಾನು ಈವರೆಗೆ ಕಂಡಿಲ್ಲ. ಕೇಳಬೇಕೆಂದು ಹೊಳೆಯುವುದೂ ಕಷ್ಟ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವಾಗಲಿ, ಮನೆಯ ಪಾಯ ಅಗೆಯುವಾಗಲಿ ಯಂತ್ರ ನಿಂತಲ್ಲೇ ನಿಂತಿರುತ್ತದೆ. ಮುಂದಿನ ಬಕೆಟ್ ನೆಲಕ್ಕೆ ಊರಿ, ಹಿಂದಿನ ಎರಡು ಜಾಕ್ ಇಳಿಸಿ ಭಾರವನ್ನೆಲ್ಲ ಅವುಗಳ ಮೇಲೆ ಹಾಕಿದ ಮೇಲೆ ಚಕ್ರಕ್ಕೆ ಕೆಲಸವೇ ಇಲ್ಲ. ಬ್ರೇಕಿಗೆ ಕೆಲಸ ಬೀಳುವುದು ಒಂದು ಊರಿನ ಕೆಲಸ ಮುಗಿಸಿ ಇನ್ನೊಂದು ಊರಿಗೆ ಹೊರಟಾಗ. ಆ ದಾರಿಗೆ ಬಾಡಿಗೆ ಸಿಕ್ಕರೆ ಪುಣ್ಯ.

ದುಡಿಯುವುದು ಬಕೆಟ್, ಹಾಗಾಗಿ ಆರೈಕೆಯೆಲ್ಲ ಬಕೆಟ್ಟಿಗೆ. ಹಲ್ಲು ಸವೆದರೆ ಅದೇ ದಿನ ಹೊಸ ಹಲ್ಲು ಬರುತ್ತದೆ. ಬೂಮ್ ಸಿಲಿಂಡರಿನಿಂದ ಆಯಿಲ್ ಒಸರಿದರೆ ಸಂಜೆಯೊಳಗೆ ಸೀಲ್ ಕಿಟ್ ಬದಲಾಗುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಮಾತ್ರ ಮುಂದಿನ ಸರ್ವಿಸ್ ತನಕ ತೆರೆಯುವುದಿಲ್ಲ. ಚೈನ್ ಮೇಲೆ ಓಡುವ ಹಿಟಾಚಿಗಳಿಗಾದರೆ ಈ ಕಷ್ಟವಿಲ್ಲ, ಅವನ್ನು ಟ್ರೇಲರ್ ಮೇಲೆ ಹೊರಿಸಿ ಒಯ್ಯುತ್ತಾರೆ. ಬ್ಯಾಕ್‌ಹೋ ಲೋಡರ್ ಹಾಗಲ್ಲ. ಏಳೆಂಟು ಟನ್ ತೂಕದ ಈ ಯಂತ್ರ ಸ್ಕೂಲ್ ಬಸ್ಸು, ಬೈಕು, ದನಕರುಗಳಿರುವ ರಸ್ತೆಯಲ್ಲಿ ಸ್ವಂತ ಚಕ್ರದ ಮೇಲೆ ಗಂಟೆಗೆ ಮೂವತ್ತು, ನಲವತ್ತು ಕಿಲೊಮೀಟರ್ ವೇಗದಲ್ಲಿ ಹೋಗುತ್ತದೆ. ಇಪ್ಪತ್ತರ ವೇಗ ನಲವತ್ತಾದರೆ ನಿಲ್ಲಿಸಲು ಕರಗಿಸಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಕಾನೂನಿಗೂ ಈ ಓಡಾಟ ಬದಿಯ ವಿಷಯವೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನು ‘ನಿರ್ಮಾಣ ಸಾಧನ ವಾಹನ’ ಎಂದು ಗುರುತಿಸುತ್ತವೆ. ರಸ್ತೆಯ ಮೇಲೆ ಓಡುವುದು ಅದರ ಮುಖ್ಯ ಕೆಲಸಕ್ಕೆ ಪ್ರಾಸಂಗಿಕ, ಅಲ್ಪ ಅವಧಿಯದು, ವೇಗ 50 ಕಿಲೊಮೀಟರ್ ದಾಟಬಾರದು ಎಂಬುದು ಅಲ್ಲಿನ ವಿವರಣೆಯ ತಾತ್ಪರ್ಯ. ಮಲೆನಾಡಿನ ಯಾವ ಆಪರೇಟರನ್ನು ಬೇಕಾದರೂ ಕೇಳಿ, ಮಳೆಗಾಲದಲ್ಲಿ ಒಂದೇ ದಿನ ಮೂರು ಕಡೆ ಕೆಲಸವಿದ್ದರೆ ಈ ‘ಅಲ್ಪ ಅವಧಿ’ ಎಷ್ಟು ಉದ್ದವಾಗುತ್ತದೆ ಎಂದು ಹೇಳುತ್ತಾನೆ.

ಈ ಯಂತ್ರದ ಮೂಲ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ 1945ರಲ್ಲಿ ಉಟಾಕ್ಸಿಟರಿನ ಒಂದು ಚಿಕ್ಕ ಗ್ಯಾರೇಜಿನಲ್ಲಿ ಶುರುಮಾಡಿದ ಕಂಪನಿ, 1953ರಲ್ಲಿ ಟ್ರ್ಯಾಕ್ಟರಿನ ಮುಂದೆ ಲೋಡರ್, ಹಿಂದೆ ಅಗೆಯುವ ತೋಳು ಕೂಡಿಸಿದ ಯಂತ್ರವನ್ನು ಹೊರತಂದಿತು. 1979ರಲ್ಲಿ ಎಸ್ಕಾರ್ಟ್ಸ್ ಜೊತೆ ಸೇರಿ ಹರಿಯಾಣದ ಬಲ್ಲಭಗಢದಲ್ಲಿ ತಯಾರಿಕೆ ಆರಂಭವಾಯಿತು. ಈಗ ಇಂಥ ಯಂತ್ರ ಮಾಡುವ ಕಂಪನಿಗಳು ದೇಶದಲ್ಲಿ ಹಲವಾರಿವೆ, ನಮ್ಮ ಧಾರವಾಡದ ಟಾಟಾ ಹಿಟಾಚಿ ಕಾರ್ಖಾನೆಯದ್ದೂ ಸೇರಿ. ಊರಿನವರ ಬಾಯಲ್ಲಿ ಎಲ್ಲವೂ ಜೆಸಿಬಿಯೇ. ಈ ಲೇಖನದಲ್ಲೂ ಹಾಗೇ ಇರಲಿ. ಆದರೆ ಬ್ರೇಕಿಗೆ ಕೈಹಾಕುವಾಗ ಮಾತ್ರ ಯಾವ ಕಂಪನಿ, ಯಾವ ಮಾದರಿ ಎಂಬುದು ಮುಖ್ಯವಾಗುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಹಿಂದಿನ ಆ್ಯಕ್ಸಲ್ ಒಳಗೆ

ಈಗಿನ ಬಹುಪಾಲು ಬ್ಯಾಕ್‌ಹೋ ಲೋಡರ್‌ಗಳ ಕಾಲು ಬ್ರೇಕ್ ಇರುವುದು ಹಿಂದಿನ ಆ್ಯಕ್ಸಲ್‌ನಲ್ಲಿ ಮಾತ್ರ, ಅದೂ ಹೊರಗೆ ಕಾಣದಂತೆ ಹೌಸಿಂಗಿನ ಒಳಗೆ, ಆಯಿಲಿನಲ್ಲಿ ಮುಳುಗಿಕೊಂಡು. ಎರಡೂ ಪಕ್ಕದಲ್ಲಿ ಒಂದೊಂದು ಕಟ್ಟು ಪ್ಲೇಟುಗಳಿರುತ್ತವೆ. ಒಂದು ಬಿಟ್ಟು ಒಂದು ಪ್ಲೇಟು ಶಾಫ್ಟಿನ ಜೊತೆ ತಿರುಗುತ್ತದೆ, ನಡುನಡುವಿನವು ಹೌಸಿಂಗಿಗೆ ಕಚ್ಚಿಕೊಂಡು ನಿಂತಿರುತ್ತವೆ. ಪೆಡಲ್ ಒತ್ತಿದಾಗ ಬಳೆಯಾಕಾರದ ಪಿಸ್ಟನ್ ಈ ಕಟ್ಟನ್ನು ಒಟ್ಟಿಗೆ ಅದುಮುತ್ತದೆ. ಹುಟ್ಟುವ ಬಿಸಿಯನ್ನು ಸುತ್ತಲಿನ ಆ್ಯಕ್ಸಲ್ ಆಯಿಲ್ ಹೊತ್ತೊಯ್ಯುತ್ತದೆ. ಹಬ್ಬಿನಲ್ಲಿ ವೇಗ ಇಳಿಸುವ ಗೇರುಗಳಿಗಿಂತ ಮೊದಲೇ ಬ್ರೇಕ್ ಕೂತಿರುವ ಆ್ಯಕ್ಸಲ್‌ಗಳಲ್ಲಿ ಹಿಡಿತ ಆ ಗೇರುಗಳ ಮೂಲಕ ಹಿಗ್ಗಿ ಚಕ್ರ ಮುಟ್ಟುತ್ತದೆ. ಅಷ್ಟು ದೊಡ್ಡ ಹಿಂಗಾಲಿಯನ್ನು ಅಷ್ಟು ಚಿಕ್ಕ ಪ್ಲೇಟುಗಳು ನಿಲ್ಲಿಸುವ ಗುಟ್ಟು ಇದು.

ಕೆಸರು, ಧೂಳು, ಕಲ್ಲಿನಪುಡಿ ಯಾವುದೂ ಒಳಗೆ ಹೋಗದು. ಸವೆತವೂ ನಿಧಾನ. ದಿನವಿಡೀ ಹೊಂಡದಲ್ಲಿ ಕೆಲಸ ಮಾಡುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಕಣ್ಣಿಗೆ ಬೀಳದ್ದರಿಂದಲೇ ‘ಅದು ಸೀಲ್ ಆಗಿರೋದು, ಏನೂ ಮಾಡೋದು ಬೇಡ’ ಎಂಬ ನಂಬಿಕೆಯೂ ಬೆಳೆದುಬಿಟ್ಟಿದೆ.

ಪೆಡಲಿನಿಂದ ಪಿಸ್ಟನ್‌ಗೆ ಬಲ ಸಾಗಿಸುವುದು ಹದಿನೇಳನೇ ಶತಮಾನದಲ್ಲಿ ಪ್ಯಾಸ್ಕಲ್ ಹೇಳಿದ ನಿಯಮ. ಮುಚ್ಚಿದ ಜಾಗದಲ್ಲಿರುವ ದ್ರವಕ್ಕೆ ಒಂದು ಕಡೆ ಒತ್ತಡ ಕೊಟ್ಟರೆ ಅದು ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿ ಹಿಡಿಯೋಣ. ಕಾಲಿನಿಂದ 30 ಕಿಲೊ ಬಲ ಬಿತ್ತು, ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿ 150ಕ್ಕೆ ಏರಿಸಿತು. ಮಾಸ್ಟರ್ ಸಿಲಿಂಡರಿನ ಬಾಯಿ 3 ಚದರ ಸೆಂಟಿಮೀಟರ್ ಆದರೆ ಒತ್ತಡ ಚದರ ಸೆಂಟಿಮೀಟರಿಗೆ 50 ಕಿಲೊ. ಆ್ಯಕ್ಸಲ್ ಒಳಗಿನ ಪಿಸ್ಟನ್ 100 ಚದರ ಸೆಂಟಿಮೀಟರಿನದಾದರೆ ಪ್ಲೇಟುಗಳ ಮೇಲೆ ಬೀಳುವ ಬಲ 5 ಟನ್. ಪವಾಡದಂತಿದೆ. ಆದರೆ ಇದಕ್ಕೆ ತೆರುವ ಬೆಲೆ ಬೇರೆಯಿದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ 3 ಸೆಂಟಿಮೀಟರ್ ಚಲಿಸಿದರೂ ತಳ್ಳುವ ಆಯಿಲ್ 9 ಸಿ.ಸಿ. ಮಾತ್ರ. ಅಷ್ಟಕ್ಕೆ ಕೆಳಗಿನ ಪಿಸ್ಟನ್ ಜರುಗುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಪೈಪಿನೊಳಗೆ ಎಲ್ಲೋ ಎರಡು ಮೂರು ಸಿ.ಸಿ. ಗಾಳಿ ಸೇರಿತೆಂದರೆ ಕಾಲಿನ ಒತ್ತೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ.

ಪೆಡಲ್ ಎರಡಿರುವುದು ಈ ಯಂತ್ರದ ಇನ್ನೊಂದು ವಿಶೇಷ. ಎಡದ್ದು ಎಡ ಹಿಂಗಾಲಿಗೆ, ಬಲದ್ದು ಬಲಕ್ಕೆ. ಗದ್ದೆಯ ಕೆಸರಿನಲ್ಲಿ ಒಂದು ಚಕ್ರ ಬರಿದೇ ಗಿರಗಿರ ತಿರುಗುತ್ತಿದ್ದರೆ ಆ ಬದಿಯ ಬ್ರೇಕ್ ಹಿಡಿದಾಗ ಬಲ ಇನ್ನೊಂದು ಚಕ್ರಕ್ಕೆ ಹೋಗುತ್ತದೆ. ಇಕ್ಕಟ್ಟಿನಲ್ಲಿ ತಿರುಗಿಸಲಿಕ್ಕೂ ಅನುಕೂಲ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸುವ ಲಾಕ್ ಹಾಕಲೇಬೇಕು. ಹಾಕದೆ ನಲವತ್ತರ ವೇಗದಲ್ಲಿ ಒಂದೇ ಪೆಡಲ್ ಮೇಲೆ ಕಾಲು ಬಿದ್ದರೆ ಯಂತ್ರ ಆ ಬದಿಗೆ ಗಕ್ಕನೆ ತಿರುಗುತ್ತದೆ, ಮಗುಚಲೂಬಹುದು. ಬೆಳಿಗ್ಗೆಯಿಂದ ತೋಟದಲ್ಲಿ ಲಾಕ್ ಬಿಟ್ಟು ಕೆಲಸ ಮಾಡಿದವನು ಸಂಜೆ ಟಾರು ರಸ್ತೆಗೆ ಹತ್ತುವಾಗ ಅದನ್ನು ನೆನಪಿಟ್ಟು ಹಾಕುತ್ತಾನೆಯೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಕೆಲವು ಹಳೆಯ ಯಂತ್ರಗಳಲ್ಲಿ ಆ ಲಾಕಿನ ಪಟ್ಟಿಯೇ ಬಾಗಿ, ಎಲ್ಲೋ ಬಿದ್ದುಹೋಗಿ, ಆ ಜಾಗದಲ್ಲಿ ಬೈಂಡಿಂಗ್ ವೈರ್ ಸುತ್ತಿದ್ದನ್ನು ನೋಡಿದ್ದೇನೆ.

ಲೀಕ್ ಇಲ್ಲ, ಆಯಿಲೂ ಇಲ್ಲ

ಸಾಗರದ ಕಡೆಯ ಒಂದು ಶೆಡ್ಡಿನಲ್ಲಿ ಕಂಡ ಪ್ರಸಂಗ ಹೇಳಬೇಕು. ಆಪರೇಟರ್ ಹುಡುಗನ ದೂರು ಸರಳವಾಗಿತ್ತು: ‘ಮೇಸ್ತ್ರಿ, ಬ್ರೇಕ್ ಆಯಿಲ್ ಹಾಕ್ತೀನಿ, ನಾಕು ದಿನಕ್ಕೆ ಡಬ್ಬಿ ಕಾಲಿ. ಎಲ್ಲಿ ನೋಡಿದ್ರೂ ಲೀಕ್ ಇಲ್ಲ.’ ಹೌದು, ಪೆಡಲಿನ ಕೆಳಗೆ ಒಣಗಿತ್ತು. ಪೈಪ್ ಒಣಗಿತ್ತು, ಯೂನಿಯನ್ ಒಣಗಿತ್ತು. ಮೇಸ್ತ್ರಿ ಟಾರ್ಚ್ ಪಕ್ಕಕ್ಕಿಟ್ಟು, ‘ಹೊರಗೆ ಬರ್ತಿಲ್ಲ ಅಂದ್ರೆ ಒಳಗೆ ಹೋಗ್ತಿದೆ ಮಾರಾಯ’ ಎಂದು ಸ್ಪ್ಯಾನರ್ ತೆಗೆದುಕೊಂಡು ಯಂತ್ರದ ಅಡಿಗೆ ಸರಿದರು. ಹಿಂದಿನ ಆ್ಯಕ್ಸಲ್‌ನ ಲೆವೆಲ್ ಪ್ಲಗ್ ಅರ್ಧ ಸಡಿಲಿಸುವಷ್ಟರಲ್ಲೇ ಆಯಿಲ್ ಧಾರೆಯಾಗಿ ಬಂತು. ಸಮತಟ್ಟು ನೆಲದಲ್ಲಿ, ಎಂಜಿನ್ ತಣ್ಣಗಿದ್ದಾಗ ಲೆವೆಲ್ ಪ್ಲಗ್ ಬಿಚ್ಚಿದರೆ ಆಯಿಲ್ ತೂತಿನ ಅಂಚಿಗೆ ನಿಂತಿರಬೇಕು, ಹೀಗೆ ಸುರಿಯಬಾರದು. ಮೇಸ್ತ್ರಿ ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ನೋಡಿದರು. ಇರಬೇಕಾದ ಅಂಟು ಇರಲಿಲ್ಲ, ನೀರಾಗಿತ್ತು.

ಒಳಗಿನ ಪಿಸ್ಟನ್ ಸೀಲ್ ಹೋಗಿತ್ತು. ಪೆಡಲ್ ಒತ್ತಿದಾಗೆಲ್ಲ ಬ್ರೇಕ್ ಆಯಿಲ್ ಸೀಲನ್ನು ದಾಟಿ ಆ್ಯಕ್ಸಲ್‌ಗೆ ಸೇರುತ್ತಿತ್ತು. ಇದು ಆಯಿಲಿನಲ್ಲಿ ಮುಳುಗಿದ ಬ್ರೇಕುಗಳ ವಿಶಿಷ್ಟ ಕಾಯಿಲೆ. ಕಾರು, ಲಾರಿಯಲ್ಲಿ ಚಕ್ರದ ಬಳಿಯ ಸೀಲ್ ಹೋದರೆ ಟೈರಿನ ಒಳಮೈ ಒದ್ದೆಯಾಗಿ ಸಿಕ್ಕಿಬೀಳುತ್ತದೆ. ಇಲ್ಲಿ ಕಳ್ಳ ಮನೆಯೊಳಗೇ ಇದ್ದಾನೆ. ಡಬ್ಬಿಯ ಮಟ್ಟ ತಿಂಗಳುಗಟ್ಟಲೆಯಲ್ಲಿ ಕೂದಲೆಳೆಯಷ್ಟು ಇಳಿದರೆ ಅದು ಪ್ಲೇಟ್ ಸವೆದ ಲೆಕ್ಕ, ಸವೆದಷ್ಟು ಪಿಸ್ಟನ್ ಮುಂದೆ ಬಂದು ಅದರ ಹಿಂದೆ ಆಯಿಲ್ ತುಂಬಿಕೊಳ್ಳುತ್ತದೆ. ವಾರದೊಳಗೆ ಇಳಿಯಿತೆಂದರೆ ಸೋರಿಕೆಯೇ, ಕಾಣಲಿ ಬಿಡಲಿ. ಆಗ ಡಬ್ಬಿ ತುಂಬಿಸುತ್ತ ಹೋಗುವುದು ಎರಡು ಕಡೆ ನಷ್ಟ. ಒಂದು ದಿನ ಡಬ್ಬಿ ಬರಿದಾಗಿ ಗಾಳಿ ಎಳೆದುಕೊಳ್ಳುತ್ತದೆ. ಅಷ್ಟರೊಳಗೆ ಆ್ಯಕ್ಸಲ್ ಆಯಿಲ್ ತೆಳುವಾಗಿ ಕ್ರೌನ್, ಪಿನಿಯನ್, ಬೇರಿಂಗುಗಳ ಆಯಸ್ಸೂ ಕರಗಿರುತ್ತದೆ.

ಹುಡುಗ ಮೆಲ್ಲಗೆ ಕೇಳಿದ, ‘ಹಾಗಾದ್ರೆ ಆ್ಯಕ್ಸಲ್ ಇಳಿಸ್ಬೇಕಾ ಮೇಸ್ತ್ರಿ?’ ಒಂದೇ ಬದಿಯಾದರೂ ಚಕ್ರ, ಹಬ್ಬು, ಆರ್ಮ್ ಬಿಚ್ಚಲೇಬೇಕು. ಏಳೂವರೆ ಟನ್ ಯಂತ್ರವನ್ನು ಅದರದ್ದೇ ಜಾಕ್ ಮೇಲೆ ಎತ್ತಿ ಅಡಿಗೆ ನುಗ್ಗುವಂತಿಲ್ಲ. ಹೈಡ್ರಾಲಿಕ್ ಜಾಕ್ ಯಾವ ಕ್ಷಣದಲ್ಲೂ ಇಳಿಯಬಹುದು. ಮರದ ಸ್ಲೀಪರ್ ಅಥವಾ ಗಟ್ಟಿ ಸ್ಟ್ಯಾಂಡ್ ಮೇಲೆ ಭಾರ ಕೂರಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಟ್ಟು, ಬಕೆಟ್ ನೆಲಕ್ಕಿಟ್ಟು, ಕೀ ತೆಗೆದು ಜೇಬಿಗೆ ಹಾಕಿಕೊಂಡ ಮೇಲೇ ಮೇಸ್ತ್ರಿ ಬೋಲ್ಟಿಗೆ ಕೈಹಚ್ಚಿದ್ದು. ಕೀ ಜೇಬಿಗೆ ಹಾಕಿಕೊಂಡದ್ದು ನನಗೆ ಬಹಳ ಇಷ್ಟವಾಯಿತು.

ಮುಖ್ಯ ಪ್ರಶ್ನೆ ಉಳಿದಿತ್ತು. ಸೀಲ್ ಯಾಕೆ ಹೋಯಿತು? ವಯಸ್ಸಾದರೂ ಹೋಗುತ್ತದೆ. ಆದರೆ ಹೊರಬಂದ ರಬ್ಬರ್ ಸವೆದಿರಲಿಲ್ಲ, ಊದಿಕೊಂಡು ಮೆತ್ತಗಾಗಿತ್ತು. ಮೇಸ್ತ್ರಿ ಒಂದು ಗಾಜಿನ ಲೋಟದಲ್ಲಿ ನೀರು ತರಿಸಿ, ಡಬ್ಬಿಯಲ್ಲಿ ಉಳಿದಿದ್ದ ಆಯಿಲಿನ ನಾಲ್ಕು ಹನಿ ಬಿಟ್ಟರು. ಹನಿಗಳು ತೇಲಲಿಲ್ಲ, ನೀರಿನಲ್ಲಿ ಕರಗಿಹೋದವು. ಹುಡುಗನ ಮುಖ ನೋಡಿ, ‘ಯಾವ ಅಂಗಡೀದು ಇದು?’ ಎಂದರು. ಪೇಟೆಯ ಆಟೊಮೊಬೈಲ್ ಅಂಗಡಿಯಲ್ಲಿ ‘ಬ್ರೇಕ್ ಆಯಿಲ್ ಕೊಡಿ’ ಎಂದು ಕೇಳಿದ್ದ, ಅವರು ಕಾರಿಗೆ ಹಾಕುವುದನ್ನು ಕೊಟ್ಟಿದ್ದರು.

ಕಾರು, ಬೈಕುಗಳ ಡಾಟ್ 3, ಡಾಟ್ 4 ಬ್ರೇಕ್ ಫ್ಲೂಯಿಡ್ ಗ್ಲೈಕಾಲ್ ಮೂಲದ್ದು. ಜೆಸಿಬಿ ಕಂಪನಿಯ ಅನೇಕ ಮಾದರಿಗಳ ಬ್ರೇಕಿಗೆ ಹಾಕಬೇಕಾದದ್ದು ಖನಿಜ ಎಣ್ಣೆ ಮೂಲದ ತೆಳು ಹೈಡ್ರಾಲಿಕ್ ಆಯಿಲ್. ಎರಡೂ ಕೆಲಸ ಒಂದೇ ಮಾಡಿದರೂ ಅವುಗಳ ಸೀಲಿನ ರಬ್ಬರ್ ಬೇರೆ ಬೇರೆ. ಖನಿಜ ಎಣ್ಣೆಗೆಂದು ಮಾಡಿದ ನೈಟ್ರೈಲ್ ರಬ್ಬರ್ ಗ್ಲೈಕಾಲ್ ತಗುಲಿದರೆ ಕೆಡುತ್ತದೆ. ಗ್ಲೈಕಾಲ್‌ಗೆಂದು ಮಾಡಿದ ರಬ್ಬರ್ ಖನಿಜ ಎಣ್ಣೆಯಲ್ಲಿ ಇನ್ನೂ ಬೇಗ ಊದುತ್ತದೆ. ಯಾವ ಯಂತ್ರಕ್ಕೆ ಯಾವುದು ಎಂಬುದನ್ನು ಡಬ್ಬಿಯ ಮುಚ್ಚಳ ಮತ್ತು ಆಪರೇಟರ್ ಪುಸ್ತಕ ಹೇಳುತ್ತವೆ, ಅಂಗಡಿಯವನಲ್ಲ. ತಪ್ಪು ಆಯಿಲ್ ಹಾಕಿದ್ದು ಗೊತ್ತಾದ ಕ್ಷಣ ಯಂತ್ರ ನಿಲ್ಲಿಸಿ, ಪೂರ್ತಿ ಹೊರಹಾಕಿ, ತೊಳೆದು, ಅದು ಮುಟ್ಟಿದ ಪ್ರತಿಯೊಂದು ಸೀಲನ್ನೂ ಬದಲಿಸದೆ ಬೇರೆ ದಾರಿಯಿಲ್ಲ. ಮಾಸ್ಟರ್ ಸಿಲಿಂಡರ್, ಹೋಸ್, ಆ್ಯಕ್ಸಲ್‌ನ ಎರಡೂ ಬದಿ, ಎಲ್ಲವೂ. ಅರ್ಧ ಲೀಟರ್ ಆಯಿಲಿನಲ್ಲಿ ಉಳಿಸಿದ ದುಡ್ಡು ಎಲ್ಲಿಗೆ ಹೋಯಿತೆಂದು ಮಾಲೀಕರೇ ಲೆಕ್ಕ ಹಾಕಿಕೊಳ್ಳಲಿ.

ಲೋಟದ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಖನಿಜ ಎಣ್ಣೆ ನೀರಿನ ಮೇಲೆ ಕಣ್ಣುಕಣ್ಣಾಗಿ ತೇಲುತ್ತದೆ, ಗ್ಲೈಕಾಲ್ ಬೆರೆತುಹೋಗುತ್ತದೆ. ಈ ಬೆರೆಯುವ ಗುಣವೇ ಗ್ಲೈಕಾಲ್ ಹಾಕುವ ಯಂತ್ರಗಳಲ್ಲಿ ಇನ್ನೊಂದು ತೊಂದರೆ ತರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತ ಹೋಗುತ್ತದೆ. ಹೊಸ ಡಾಟ್ 3 ಫ್ಲೂಯಿಡ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಸ್ಥಿತಿಗೆ ಇದೇ ಮಾನದಂಡ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದಿದರೆ ಆವಿ, ಆವಿಯೆಂದರೆ ಪೈಪಿನೊಳಗೆ ಗಾಳಿ ಹೊಕ್ಕಂತೆಯೇ. ಮುಚ್ಚಳ ತೆರೆದಿಟ್ಟ ಹಳೆಯ ಡಬ್ಬಿಯ ಫ್ಲೂಯಿಡ್ ಮಲೆನಾಡಿನ ಮಳೆಗಾಲ ಕಳೆದ ಮೇಲೆ ಯಾವ ಕೆಲಸಕ್ಕೂ ಬಾರದು.

ಹೌಸಿಂಗಿನ ಆಯಿಲಿಗೂ ಇದೇ ಮಾತು. ಪ್ಲೇಟುಗಳು ಮುಳುಗಿರುವ ಆ್ಯಕ್ಸಲ್‌ಗೆ ಬ್ರೇಕಿಗೂ ಹೊಂದುವ ವಿಶೇಷ ಆಯಿಲ್ ಬೇಕು. ಲಾರಿ ಹೌಸಿಂಗಿಗೆ ಹಾಕುವ, ಗಂಧಕದ ವಾಸನೆ ಹೊಡೆಯುವ ಗೇರ್ ಆಯಿಲ್ ಸುರಿದರೆ ಪೆಡಲ್ ಒತ್ತಿದಾಗ ಹಿಂದಿನಿಂದ ಕಿರ್ರೆಂಬ ಒದರಾಟ, ನಡುಕ ಶುರುವಾಗುತ್ತದೆ. ಪ್ಲೇಟ್ ಹೋಯಿತೆಂದು ಬಿಚ್ಚಿಹಾಕುವ ಮೊದಲು ಕಳೆದ ಸಲ ಯಾವ ಆಯಿಲ್ ಹಾಕಿದ್ದೆಂದು ಕೇಳಬೇಕು.

ಕೆರೆ ಹೂಳೆತ್ತುವ ಯಂತ್ರಗಳದ್ದು ಬೇರೆಯದೇ ಕತೆ. ಆ್ಯಕ್ಸಲ್ ಮೇಲೆ ಉಸಿರಾಟಕ್ಕೆಂದು ಸಣ್ಣ ಬ್ರೀದರ್ ಇರುತ್ತದೆ. ಅದಕ್ಕೆ ಕೆಸರು ಮೆತ್ತಿ ಮುಚ್ಚಿಕೊಂಡಿರುವಾಗ ಓಡಿ ಬಿಸಿಯಾದ ಆ್ಯಕ್ಸಲ್ ಥಟ್ಟನೆ ಕೆರೆಯ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಸಂದಿನಿಂದ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಡ್ರೈನ್ ಪ್ಲಗ್ ಬಿಚ್ಚಿದರೆ ಬರುವುದು ಹಾಲು ಬೆರೆಸಿದ ಕಾಫಿ ಬಣ್ಣದ ಆಯಿಲ್. ಬ್ರೀದರ್ ಒರೆಸಿ ಊದಿ ನೋಡಲು ಎರಡು ನಿಮಿಷ ಸಾಕು. ಅದೇ ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ನಯವಾದ ಕಪ್ಪು ಪುಡಿಗೆ ಹೆದರಬೇಕಿಲ್ಲ, ಚೂರು ಚಕ್ಕೆ ಸಿಕ್ಕರೆ ಹೆದರಬೇಕು.

ಕಾಲು ಹೇಳುವುದು

ಒಳ್ಳೆಯ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ಸೀಟಿನಲ್ಲಿ ಕೂತು ಪೆಡಲ್ ಒತ್ತುತ್ತಾನೆ. ಪೆಡಲ್ ಮೆತ್ತಗಿದ್ದು, ನಾಲ್ಕೈದು ಸಲ ಬಡಿದಾಗ ಗಟ್ಟಿಯಾಗಿ ಮೇಲೆ ಬಂದರೆ ಪೈಪಿನಲ್ಲಿ ಗಾಳಿಯಿದೆ. ಮೊದಲು ಗಟ್ಟಿಯಿದ್ದು, ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತ ಹೋದರೆ ಒತ್ತಡ ಎಲ್ಲೋ ಜಾರುತ್ತಿದೆ. ಹೊರಗೆ ಸೋರಿಕೆಯಿಲ್ಲ, ಆ್ಯಕ್ಸಲ್ ಮಟ್ಟವೂ ಏರಿಲ್ಲ ಎಂದಾದರೆ ಮಾಸ್ಟರ್ ಸಿಲಿಂಡರಿನ ಒಳಸೀಲಿನ ಮೇಲೆ ಅನುಮಾನ. ಲಾಕ್ ಹಾಕಿದ್ದರೂ ಯಂತ್ರ ಒಂದೇ ಕಡೆ ಎಳೆದರೆ ಮತ್ತೊಂದು ಬದಿಯ ಬ್ರೇಕ್ ಸೋತಿದೆ ಅಥವಾ ಎರಡೂ ಬದಿಯ ಒತ್ತಡ ಸಮ ಮಾಡಬೇಕಾದ ವ್ಯವಸ್ಥೆ ಕೆಟ್ಟಿದೆ. ಟೈರ್ ಗಾಳಿಯನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು, ಎಷ್ಟೋ ಸಲ ತಪ್ಪಿತಸ್ಥ ಅದೇ.

ಹಿಡಿಯದ ಬ್ರೇಕಿನಷ್ಟೇ ಕೆಟ್ಟದ್ದು ಬಿಡದ ಬ್ರೇಕ್. ಯಂತ್ರ ಭಾರವಾಗಿ ಓಡುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಆಪರೇಟರ್ ಎಂಜಿನ್ನಿಗೆ ಪಿಕಪ್ ಇಲ್ಲ ಎಂದು ಬಯ್ಯುತ್ತಾನೆ. ಹತ್ತು ಕಿಲೊಮೀಟರ್ ಓಡಿಸಿ ಬಂದು ಆ್ಯಕ್ಸಲ್‌ನ ಎರಡೂ ಬದಿಗೆ ಹುಷಾರಾಗಿ ಅಂಗೈ ಹತ್ತಿರ ಹಿಡಿದರೆ ಸಾಕು, ಒಂದು ಬದಿ ಬೆಚ್ಚಗಿದ್ದು ಇನ್ನೊಂದು ಕೈ ಸುಡುವಂತಿರುತ್ತದೆ. ಪೆಡಲಿಗೆ ಇರಬೇಕಾದ ತುಸು ಆಟ ಇಲ್ಲದೆ ಮಾಸ್ಟರ್ ಸಿಲಿಂಡರಿಗೆ ಆಯಿಲ್ ಮರಳುವ ಸಣ್ಣ ತೂತು ಮುಚ್ಚಿಕೊಂಡೇ ಇರಬಹುದು. ಕ್ಯಾಬಿನ್ನಿನ ಮ್ಯಾಟ್ ಮಡಚಿ ಪೆಡಲಿನ ಬುಡಕ್ಕೆ ಸಿಕ್ಕಿರಬಹುದು. ರಬ್ಬರ್ ಹೋಸ್ ಹೊರಗೆ ಹೊಸದರಂತಿದ್ದು ಒಳಪದರ ಕಿತ್ತು ಕವಾಟದಂತೆ ಅಡ್ಡ ನಿಂತಿರಬಹುದು, ಆಗ ಕಾಲಿನ ಬಲಕ್ಕೆ ಆಯಿಲ್ ಹೋಗುತ್ತದೆ, ತಾನಾಗಿ ಮರಳುವುದಿಲ್ಲ. ಬ್ರೇಕ್ ಹಿಡಿದುಕೊಂಡಿರುವಾಗಲೇ ಹೋಸಿನ ಮೇಲ್ಬದಿಯ ಯೂನಿಯನ್ ಸಡಿಲಿಸಿ ನೋಡುತ್ತಾರೆ, ಬಿಡದಿದ್ದರೆ ಆಮೇಲೆ ಕೆಳಬದಿಯ ಬ್ಲೀಡ್ ಸ್ಕ್ರೂ. ಮೇಲೆ ಸಡಿಲಿಸಿದಾಗಲೇ ಚಕ್ರ ಬಿಟ್ಟರೆ ತೊಂದರೆ ಪೆಡಲ್, ಮಾಸ್ಟರ್ ಸಿಲಿಂಡರಿನ ಕಡೆ. ಕೆಳಗೆ ಸಡಿಲಿಸಿದ ಮೇಲಷ್ಟೇ ಬಿಟ್ಟರೆ ಹೋಸಿನದ್ದೇ.

ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬ ಸೀಟಿನಲ್ಲಿ, ಒಬ್ಬ ಆ್ಯಕ್ಸಲ್ ಬಳಿ. ಬ್ಲೀಡ್ ಸ್ಕ್ರೂ ಸುತ್ತಲಿನ ಮಣ್ಣನ್ನು ಮೊದಲು ಒರೆಸಬೇಕು. ಪಾರದರ್ಶಕ ಪೈಪಿನ ಒಂದು ತುದಿ ಸ್ಕ್ರೂಗೆ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಹೊಸ ಆಯಿಲ್ ಹಾಕಿದ ಬಾಟಲಿಯಲ್ಲಿ ಮುಳುಗಿರಬೇಕು. ಕೆಳಗಿನವನು ‘ಒತ್ತು’ ಎನ್ನುತ್ತಾನೆ. ಮೇಲಿನವನು ಒತ್ತಿ ಹಿಡಿಯುತ್ತಾನೆ. ಸ್ಕ್ರೂ ಅರ್ಧ ಸುತ್ತು ತೆರೆದಾಗ ಬುರುಬುರು ಗುಳ್ಳೆ ಬರುತ್ತದೆ, ಪೆಡಲ್ ಕೆಳಗೆ ಕೂರುತ್ತದೆ. ಸ್ಕ್ರೂ ಬಿಗಿಯುವ ತನಕ ಕಾಲು ತೆಗೆಯಬಾರದು, ತೆಗೆದರೆ ಹೊರಗಿನ ಗಾಳಿ ಒಳಗೆ. ‘ಬಿಡು’ ಎಂದ ಮೇಲೇ ಬಿಡಬೇಕು. ಗುಳ್ಳೆಯಿಲ್ಲದೆ ಒಂದೇ ಸಮನೆ ಆಯಿಲ್ ಬರುವವರೆಗೆ ಇದೇ ಹಾಡು. ಎರಡು ಪೆಡಲ್ ಇರುವ ಯಂತ್ರದಲ್ಲಿ ಯಾವ ಬದಿ ಮೊದಲು, ಪೆಡಲುಗಳನ್ನು ಸೇರಿಸಿ ಒತ್ತಬೇಕೋ ಬಿಡಿಬಿಡಿಯಾಗಿಯೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಅದಕ್ಕೆ ಪುಸ್ತಕವನ್ನೇ ನೋಡಬೇಕು. ಈ ಕೆಲಸ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ. ಇಬ್ಬರೂ ಗುಳ್ಳೆ ನೋಡುತ್ತ ಕೂತು ಡಬ್ಬಿಯ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಅದು ಬರಿದಾದರೆ ಮತ್ತೆ ಮೊದಲಿನಿಂದ. ಬಾಟಲಿಗೆ ಬಂದ ಹಳೆಯ ಆಯಿಲನ್ನು ಸೋಸಿ ಮತ್ತೆ ಡಬ್ಬಿಗೆ ಹಾಕುವ ಮಹನೀಯರೂ ಇದ್ದಾರೆ, ಅವರಿಗೆ ನಮಸ್ಕಾರ.

ಹ್ಯಾಂಡ್ ಬ್ರೇಕೂ, ಘಾಟಿಯೂ

ಹ್ಯಾಂಡ್ ಬ್ರೇಕ್ ಆಯಿಲಿನದ್ದಲ್ಲ. ಅನೇಕ ಮಾದರಿಗಳಲ್ಲಿ ಅದು ಹಿಂದಿನ ಆ್ಯಕ್ಸಲ್‌ಗೆ ಬಲ ಬರುವ ಜಾಗದಲ್ಲಿರುವ ಒಂದು ಡಿಸ್ಕನ್ನು ಕೇಬಲ್ ಮೂಲಕ ಹಿಡಿಯುತ್ತದೆ. ನಿಂತ ಯಂತ್ರವನ್ನು ನಿಂತಲ್ಲಿ ಇಡುವುದಷ್ಟೇ ಅದರ ಕೆಲಸ. ಓಡುವಾಗ ವೇಗ ಇಳಿಸಲು ಅದನ್ನು ಬಳಸಬಾರದು. ಅನಿವಾರ್ಯವಾಗಿ ಎಳೆದರೆ ಆಮೇಲೆ ಅದರ ಎರಡೂ ಪ್ಯಾಡ್ ಬದಲಿಸಬೇಕು ಎನ್ನುತ್ತದೆ ಜೆಸಿಬಿ ಪುಸ್ತಕ. ಕೇಬಲ್ ಹಿಗ್ಗಿ ಲಿವರ್ ಆಕಾಶ ನೋಡುತ್ತಿದ್ದರೂ ‘ಬಕೆಟ್ ಊರಿದ್ದೀವಲ್ಲ’ ಎಂದು ಸುಮ್ಮನಿರುವವರೇ ಹೆಚ್ಚು.

ಘಾಟಿಯಲ್ಲಿ ಇಷ್ಟೂ ಒಟ್ಟಿಗೆ ಪರೀಕ್ಷೆಗೆ ಬರುತ್ತದೆ. ಆಗುಂಬೆ, ಹುಲಿಕಲ್, ಚಾರ್ಮಾಡಿಯಲ್ಲಿ ಮಣ್ಣು ಕುಸಿದ ರಾತ್ರಿ ಮೊದಲು ಫೋನ್ ಹೋಗುವುದು ಜೆಸಿಬಿಯವನಿಗೆ. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದಾಗ ಇಂಥ ಯಂತ್ರಗಳ ದುಡಿಮೆಯನ್ನು ನಾಡೇ ನೋಡಿತು. ಕುಸಿದ ಮಣ್ಣನ್ನು ಮುಂದಿನ ಬಕೆಟ್ ತುಂಬ ಹೊತ್ತು ಇಳಿಜಾರಿನಲ್ಲಿ ಮುಂದಕ್ಕೆ ಇಳಿಯುವುದು ಸಾಮಾನ್ಯ ದೃಶ್ಯ. ಆಗ ಆಗುವುದೇನೆಂದರೆ, ಭಾರವೆಲ್ಲ ಮುಂಗಾಲಿಗೆ ಬಿದ್ದು ಹಿಂಗಾಲಿ ಹಗುರವಾಗುತ್ತದೆ. ಬ್ರೇಕ್ ಇರುವುದು ಹಿಂಗಾಲಿಗೆ! ಪ್ಲೇಟು ಎಷ್ಟೇ ಹೊಸತಿರಲಿ, ನೆಲವನ್ನು ಒತ್ತದ ಚಕ್ರ ಏನನ್ನೂ ನಿಲ್ಲಿಸದು. ತುಂಬಿದ ಬಕೆಟ್ ಇದ್ದರೆ ಅದು ಏರಿನ ಕಡೆಗಿರಬೇಕು, ಇಳಿಯುವಾಗ ಹಿಮ್ಮುಖವಾಗಿ ಇಳಿಯಬೇಕು, ಬಕೆಟ್ ನೆಲಕ್ಕೆ ಸಮೀಪ ಇಟ್ಟುಕೊಳ್ಳಬೇಕು. ಫೋರ್ ವೀಲ್ ಡ್ರೈವ್ ಇರುವ ಯಂತ್ರವಾದರೆ ಅದನ್ನು ಹಾಕಿಕೊಂಡರೆ ಹಿಂದಿನ ಹಿಡಿತ ಶಾಫ್ಟಿನ ಮೂಲಕ ಮುಂದಿನ ಚಕ್ರಕ್ಕೂ ಮುಟ್ಟುತ್ತದೆ.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿಯ ಬಗ್ಗೆ ಆಪರೇಟರುಗಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಗೇರಿನಲ್ಲಿದ್ದಾಗಲೂ ಟಾರ್ಕ್ ಕನ್ವರ್ಟರ್ ಇರುವ ಈ ಯಂತ್ರಗಳಲ್ಲಿ ಎಂಜಿನ್ ಹಿಡಿತ ಲಾರಿಯಷ್ಟು ಸಿಗುವುದಿಲ್ಲ, ನ್ಯೂಟ್ರಲ್‌ನಲ್ಲಿ ಅಷ್ಟೂ ಇಲ್ಲ. ಹತ್ತುವಾಗ ಯಾವ ಗೇರು ಬೇಕಿತ್ತೋ ಇಳಿಯುವಾಗಲೂ ಅದೇ ಎಂಬ ಹಳೇ ಲಾರಿ ಡ್ರೈವರುಗಳ ಲೆಕ್ಕ ಇಲ್ಲೂ ಸರಿ. ಎಂಜಿನ್ನನ್ನೇ ಆರಿಸಿ ಇಳಿಸಿದರಂತೂ ಸ್ಟೀರಿಂಗ್ ಕಲ್ಲಾಗುತ್ತದೆ, ಏಕೆಂದರೆ ಅದಕ್ಕೆ ಬಲ ಕೊಡುವ ಪಂಪ್ ನಿಂತಿರುತ್ತದೆ. ಪೆಡಲ್ ತಳ ಮುಟ್ಟಿದ ಗಳಿಗೆಯಲ್ಲಿ ಉಳಿಯುವ ದಾರಿ ನಾಲ್ಕೇ: ಮತ್ತೆ ಮತ್ತೆ ಪೆಡಲ್ ಬಡಿಯುವುದು, ಕೆಳಗೇರು, ಹ್ಯಾಂಡ್ ಬ್ರೇಕ್, ಕಡೆಗೆ ಮುಂದಿನ ಬಕೆಟ್ಟನ್ನು ಮೆಲ್ಲಗೆ ನೆಲಕ್ಕೆ ತಾಗಿಸಿ ಉಜ್ಜುತ್ತ ನಿಲ್ಲಿಸುವುದು. ಬಕೆಟ್ಟನ್ನು ಧೊಪ್ಪನೆ ಊರಿದರೆ ಯಂತ್ರ ಅದರ ಮೇಲೇ ಏರಿ ಮಗುಚಬಹುದು.

ಶೆಡ್ಡಿನ ಆ ಯಂತ್ರಕ್ಕೆ ಎರಡೂ ಬದಿಯ ಸೀಲು, ಮಾಸ್ಟರ್ ಸಿಲಿಂಡರುಗಳ ಕಿಟ್ಟು, ಹೋಸು ಎಲ್ಲ ಹೊಸತಾದವು. ಬಿಲ್ ನೋಡಿ ಮಾಲೀಕರು ಫೋನಿನಲ್ಲಿ ಒಂದು ಸುತ್ತು ರೇಗಾಡಿದರು. ಹುಡುಗ ಸಂಜೆಯೇ ಹೊರಡುವ ಆತುರದಲ್ಲಿದ್ದ, ತೀರ್ಥಹಳ್ಳಿ ಕಡೆ ಎರಡು ದಿನದ ಕೆಲಸ ಒಪ್ಪಿಕೊಂಡಾಗಿತ್ತು. ಮೇಸ್ತ್ರಿ ಬಿಡಲಿಲ್ಲ. ಮೊದಲು ಅಂಗಳದಲ್ಲೇ ನಡಿಗೆಯ ವೇಗದಲ್ಲಿ ಪೆಡಲ್ ಒತ್ತಿಸಿ, ಲಾಕ್ ಬಿಟ್ಟು ಬಿಡಿಬಿಡಿಯಾಗಿ, ಲಾಕ್ ಹಾಕಿ ಒಟ್ಟಿಗೆ ನೋಡಿದರು. ಆಮೇಲೆ ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ನಿಲ್ಲಿಸಿ, ಟೈರಿನ ಗುರುತು ಎರಡೂ ಕಡೆ ಒಂದೇ ಉದ್ದಕ್ಕಿದೆಯೇ ಎಂದು ಬಗ್ಗಿ ಅಳೆದರು. ವಾಪಸು ತಂದು ನಿಲ್ಲಿಸಿ ಆ್ಯಕ್ಸಲ್‌ನ ಬಿಸಿ ನೋಡಿದರು. ಡಬ್ಬಿಯ ಮೇಲೆ ಆಯಿಲ್ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದು, ‘ಬೆಳಿಗ್ಗೆ ಇದು ಹಿಂಗೇ ಇರ್ಬೇಕು, ಆ್ಯಕ್ಸಲ್ ಪ್ಲಗ್ಗಲ್ಲೂ ಏರಿರಬಾರದು. ಎರಡೂ ಸರಿ ಇದ್ರೆ ಕೀ ಕೊಡ್ತೀನಿ’ ಎಂದರು.